ಒಂದು ಹೆಜ್ಜೆ ಕಮ್ಮಿ

ಕಾರ್ಡಿಫ್ ಮ್ಯಾಜಿಸ್ಟ್ರೇಟ್ ಕೋರ್ಟಿನ ಪಡಸಾಲೆ,
ಬೆಳಿಗ್ಗೆ ಒಂಬತ್ತೂ ನಲವತ್ತು.
ಕೂರಿ, ನೆರಿಸ್ ಪ್ರಾಸರ್, ಎಂದೆ.
ತೊಳೆದರೂ ಹೋಗದ ಮರವಜ್ರದ ವಾಸನೆ ನಿಮ್ಮ ಕೈಗೆ.
ಜನ ಬರದ ಪ್ರಾರ್ಥನಾಲಯಗಳ ಆರ್ಗನ್ನುಗಳಿಗೆ
ಕುರಿದೊಗಲ ತೇಪೆ ಹಾಕಿ ಉಸಿರು ತುಂಬುವವರು ನೀವು.
ನಾನು ವಕೀಲ, ಶ್ರುತಿ ಗೊತ್ತಿಲ್ಲ,
ಒಂದು ವಾಕ್ಯ ಗೊತ್ತು:

ಗಡುವಿನೊಳಗೆ ಲೆಕ್ಕ ಸಲ್ಲಿಸಲು
ತಕ್ಕ ಹೆಜ್ಜೆಗಳನ್ನೆಲ್ಲ ಇಟ್ಟಿದ್ದೆ
ಎಂದು ತೋರಿಸಿದರೆ ಬಿಡುಗಡೆ.
ತೋರಿಸಬೇಕಾದವರು ನೀವು.
ಲೆಕ್ಕವೇ ಬರೆದಾಗಿರಲಿಲ್ಲ ಎಂಬುದು ಉತ್ತರವಲ್ಲ.
ಗಡುವು ದಾಟಿದ ಮೇಲೆ ಓಡಿದ್ದು ಓಟವಲ್ಲ.
ಕಂಪನಿ ಕಟ್ಟಿದ ದಂಡ ಬೇರೆ, ಅದು ಕಂಪನಿಯ ಪಾಪ;
ಇದು ನಿಮ್ಮ ಹೆಸರು ಹಿಡಿದು ಕರೆದದ್ದು.

"ಗೆಥಿನ್?" ಅಂದಿರಿ.
ಹೌದು, ನಿಮ್ಮ ತಮ್ಮನೂ ನಿರ್ದೇಶಕ.
ಸ್ಪೇನಿನ ಬಿಸಿಲಲ್ಲಿ ಬಾರು ನಡೆಸುತ್ತ
ವರ್ಷಕ್ಕೊಮ್ಮೆ ಓದದೆ ಸಹಿ ಹಾಕುವವ,
ಆಟಕ್ಕಿಲ್ಲ, ಲೆಕ್ಕಕ್ಕುಂಟು.
ಅವನಿಗೂ ಸಮನ್ಸು ಹೋಗಿದೆ. ಅವನ ಮಾತು ಅವನಿಗೆ.

ಎಣಿಸೋಣ, ಎಂದೆ.
ಸೆಪ್ಟೆಂಬರ್: ಮೂರು ಷೂ ಡಬ್ಬಿ ತುಂಬ ಚೀಟಿ,
ಅಬರ್‌ಡೇರಿನ ಎಲ್ವೆಡ್ ಬೆಯ್ನನ್ ಕೈಗೆ.
ರಸೀದಿ? "ಇಪ್ಪತ್ತಾರು ವರ್ಷದಲ್ಲಿ ಕೇಳಿದವಳಲ್ಲ."
ಅಕ್ಟೋಬರ್: ಎರಡು ಪತ್ರ, ಒಂದಕ್ಕೆ ಮಾತ್ರ ಪ್ರತಿ.
ನವೆಂಬರ್: ಹನ್ನೊಂದು ಫೋನು;
ಬಿಲ್ಲಿನ ಮೇಲೆ ಹಳದಿ ಗೆರೆ ಎಳೆದಿದ್ದೇನೆ ನೋಡಿ,
ಸಾಸಿವೆ ಹೂವಿನ ಹಾಗೆ.
ಡಿಸೆಂಬರ್ ಹತ್ತೊಂಬತ್ತು: ವ್ಯಾನು ಹೊಡೆದುಕೊಂಡು ಖುದ್ದು ನೀವೇ,
ಅವನ ಬಾಗಿಲವರೆಗೆ.

ಒಳ್ಳೆಯದು. ಬಾಗಿಲು ತಟ್ಟಿದಿರಿ ತಾನೆ?

ನೀವು ಕೈಚೀಲದ ಕೊಂಡಿ ತೆಗೆದಿರಿ, ಹಾಕಿದಿರಿ.

"ಪರದೆ ಎಳೆದಿರಲಿಲ್ಲ. ದೀಪವಿತ್ತು.
ಮೂಗಿನಲ್ಲಿ ಆಮ್ಲಜನಕದ ನಳಿಕೆ,
ತೊಡೆಯ ಮೇಲೆ ನಮ್ಮ ಲೆಡ್ಜರು ತೆರೆದೇ ಇತ್ತು,
ಬೆರಳ ಸಂದಿಯಲ್ಲಿ ಪೆನ್ಸಿಲು. ನಿದ್ದೆ.
ಎದೆ ಏರುತ್ತಿತ್ತು, ಇಳಿಯುತ್ತಿತ್ತು,
ತಿದಿ ನನಗೆ ಗೊತ್ತು, ಮಿಸ್ಟರ್ ಪೊವೆಲ್,
ಹರಿಯಲಿರುವ ತೊಗಲನ್ನು
ಸಂಜೆಯ ಥಂಡಿಯಲ್ಲಿ ಮುಟ್ಟಬಾರದು.
ತಿರುಗಿ ಬಂದೆ."

ಎರಡನೇ ಜನವರಿಗೆ ಅವನು ತೀರಿಕೊಂಡ.
ಲೆಡ್ಜರು ಅವನ ಸೊಸೆ ಕೊಟ್ಟದ್ದು ಮಾರ್ಚಿನಲ್ಲಿ,
ನಲವತ್ತನೆಯ ಪುಟದವರೆಗೆ ಟಿಕ್ಕು.

ನಾನು ವಕೀಲ. ನನಗೆ ತಕ್ಷಣ ಕೇಳಿಸಿದ್ದು
ಎದುರು ಕಡೆಯವರ ಪ್ರಶ್ನೆ:
ಆ ಸಂಜೆಯೇ ಪುಸ್ತಕ ಇಸಕೊಂಡು
ಬೇರೊಬ್ಬರಿಗೆ ಕೊಡಬಹುದಿತ್ತಲ್ಲ? ಹನ್ನೆರಡು ದಿನವಿತ್ತಲ್ಲ?
ಕಿಟಕಿಯ ಮಾತೆತ್ತಬೇಡಿ, ಎಂದೆ.
"ಹೋಗಿದ್ದೆ" ಅನ್ನಿ, ಸಾಕು. ಸುಳ್ಳೇನಲ್ಲ.

ಒಳಗೆ ಮೂವರು. ನಡುವಿನ ಮುದುಕಿ
ಕನ್ನಡಕದ ಮೇಲಿಂದ ನೋಡಿ ಕೇಳಿದಳು:
ಹೋಗಿ ಏನು ಮಾಡಿದಿರಿ?
ನೀವು ನನ್ನ ಕಡೆ ನೋಡಲಿಲ್ಲ.
"ಎಲ್ಲ ಹೆಜ್ಜೆ ಇಟ್ಟೆ, ಒಂದನ್ನು ಬಿಟ್ಟು.
ಅದು ಅವನ ಹೊಸ್ತಿಲ ಮೇಲಿತ್ತು."

ಇಷ್ಟು ವರ್ಷ ನಾನು ಕೇಸು ಗೆದ್ದದ್ದು, ಸೋತದ್ದು
'ಎಲ್ಲ' ಎಂಬ ಮಾತಿನ ಮೇಲೆ.
ಅವತ್ತು ಅದನ್ನು ಬಿಟ್ಟು
ಪಕ್ಕದ ಪುಟ್ಟ 'ತಕ್ಕ'ದ ಮೇಲೆ ಕಾಲೂರಿದೆ:
ಸಾಯುವವನನ್ನು ಎಬ್ಬಿಸುವುದು ತಕ್ಕ ಹೆಜ್ಜೆಯೆ, ಮೇಡಂ?
ಕಾಲ ಕೆಳಗೆ ಹಲಗೆ ಅಲ್ಲಾಡಿತು. ನಿಂತಿದ್ದೆ.

ಅವರು ಒಳಕೋಣೆಗೆ ಹೋದರು.
ಗಡಿಯಾರಕ್ಕೆ ಮಾತ್ರ ಕೆಲಸ.
ನೀವು ತಲೆಯೆತ್ತಿ ಛಾವಣಿ ನೋಡಿದಿರಿ,
"ಆ ಗಾಳಿಕೊಳವೆ ಸೋರುತ್ತಿದೆ, ಕೇಳಿಸುತ್ತದೆಯೆ?
ಅರ್ಧ ಸ್ವರ ಇಳಿದಿದೆ.
ತಿಂಗಳೊಳಗೆ ಯಾರಾದರೂ ನೋಡದಿದ್ದರೆ ಹರಿಯುತ್ತದೆ."

ಕಿವಿಗೊಟ್ಟೆ. ನನಗೇನೂ ಕೇಳಿಸಲಿಲ್ಲ.
ಬಾಗಿಲು ತೆರೆಯಿತು. ಎದ್ದು ನಿಂತೆವು.