ಹಿನ್ನೀರು

ನೀರು ಕುಡಿದು ಬಾ, ಉಚ್ಚೆ ತಡೆದುಕೊಂಡಿರು ಅಂದಿದ್ದರು.
ಮುನಿಲಕ್ಷ್ಮಿ ಎರಡು ಬಾಟಲಿ ಮುಗಿಸಿ
ಕೋಟೆ ಬೀದಿ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ
ಕಾಲು ಹೆಣೆದು ಕೂತಿದ್ದಳು. ಟೋಕನ್ ನಲವತ್ತೊಂದು.
ನಗು ಬಂದರೆ ಕೆಟ್ಟೆ, ಮಾತಾಡಿಸಬೇಡ ಅಂದಳು.

ಒಳಗೆ ಕತ್ತಲು. ಹೊಟ್ಟೆಗೆ ತಣ್ಣನೆ ಜೆಲ್ಲು.
ಗೋಡೆಯ ಬೋರ್ಡು: ಇಲ್ಲಿ ಗಂಡು ಹೆಣ್ಣು ಹೇಳುವುದಿಲ್ಲ.
ಡಾಕ್ಟರ್ ಫರ್ಹಾನಾ ಬೆನ್ನೆಲುಬಿನ ಮಣಿ ಎಣಿಸಿದರು,
ಹೃದಯದ ನಾಲ್ಕೂ ಕೋಣೆ ಇಣುಕಿದರು,
ಆಮೇಲೆ ಒಂದೇ ಜಾಗದಲ್ಲಿ ಕೈ ನಿಂತಿತು.

ಎರಡೂ ಕಿಡ್ನಿಯಲ್ಲಿ ನೀರು ಕಟ್ಟಿದೆ.
ಎಡಕ್ಕೆ ಹನ್ನೊಂದು ಮಿಲಿಮೀಟರ್, ಬಲಕ್ಕೆ ಒಂಬತ್ತು.
ಮೂತ್ರಚೀಲ ಉಬ್ಬಿದೆ, ಖಾಲಿಯಾಗುತ್ತಿಲ್ಲ.
ಕಲಿಯಲು ಬಂದ ಹುಡುಗನಿಗೆ ಮೆಲ್ಲಗೆ ತೋರಿಸಿದರು:
ನೋಡು, ಬೀಗದ ತೂತಿನ ಆಕಾರ.
ಕೆಳಗೆ ವಾಲ್ವ್ ಇರಬಹುದು. ಇದು ಬರುವುದು ಬರೀ...
ಅಷ್ಟಕ್ಕೇ ನಿಲ್ಲಿಸಿ ಬೋರ್ಡಿನ ಕಡೆ ನೋಡಿದರು.
ನಾನು ಕೇಳಲಿಲ್ಲ.
ನನಗೆ ಕೇಳಿಸಿದ್ದು ವಾಲ್ವ್ ಅನ್ನುವುದೊಂದೇ.

ಅದನ್ನು ನನಗೆ ಬಿಡಿಸಿ ಹೇಳಬೇಕಾಗಿಲ್ಲ.
ಹದಿನಾಲ್ಕು ವರ್ಷದಿಂದ ಲಗ್ಗೆರೆಯ ಏಳು ಅಡ್ಡರಸ್ತೆಗೆ
ಕಾವೇರಿ ಬಿಡುವವನು ನಾನು.
ದಿನ ಬಿಟ್ಟು ದಿನ, ನಸುಕಿನ ಮೂರಕ್ಕೆ,
ಗುಂಡಿಗೆ ಕಬ್ಬಿಣದ ಕೀಲಿ ಇಳಿಸಿ ಇಪ್ಪತ್ತಾರು ಸುತ್ತು.
ಒಂದು ಕಡೆ ಕಟ್ಟಿದರೆ
ಹಿಂದಿನ ಪೈಪೆಲ್ಲ ಉಸಿರು ಬಿಗಿಹಿಡಿಯುತ್ತೆ,
ಕೀಲು ಕೀಲೂ ನರಳುತ್ತೆ. ಕಿವಿಯಿಟ್ಟರೆ ಗೊತ್ತಾಗುತ್ತೆ.

ಗೊತ್ತಿಲ್ಲದ್ದು ಇದು:
ಮಗು ಈಜುವ ನೀರು ಮಗುವೇ ಹೊಯ್ದದ್ದಂತೆ.
ಕುಡಿಯುತ್ತೆ, ಹೊಯ್ಯುತ್ತೆ, ಮತ್ತೆ ಅದನ್ನೇ ಕುಡಿಯುತ್ತೆ,
ಆ ನೀರಿದ್ದರೇ ಶ್ವಾಸಕೋಶ ಅರಳುವುದಂತೆ.
ಈಗ ಸಾಕಷ್ಟಿದೆ ಅಂದರು. ಈಗ ಅನ್ನುವುದನ್ನು ಒತ್ತಿ ಅಂದರು.
ನಾಲ್ಕು ವಾರ ಬಿಟ್ಟು ಬನ್ನಿ, ಮತ್ತೆ ಅಳೆಯೋಣ.
ಕೆಲವು ತಾವಾಗಿಯೇ ಇಳಿಯುತ್ತವೆ.
ಕೆಲವಕ್ಕೆ ಹುಟ್ಟಿದ ವಾರವೇ ಆಪರೇಷನ್.
ಕೆಲವು...
ಪ್ರಿಂಟರ್ ಸದ್ದು ಮಾಡಿತು.

ಅವಳು ಪಾಯಿಖಾನೆಗೆ ಓಡಿದಳು.
ತಗಡಿನ ಬಾಗಿಲಾಚೆ ಹೊಯ್ಯುವ ಸದ್ದು, ಬಹಳ ಹೊತ್ತು.
ಹೊರಬಂದು ಗೋಡೆ ಹಿಡಿದು ಅತ್ತಳು:
ನನಗೆಷ್ಟು ಹಗುರಾಯ್ತು ನೋಡು.

ಇವತ್ತು ನಸುಕಿನಲ್ಲಿ ಕೀಲಿ ಹಾಕಿದೆ.
ಇಪ್ಪತ್ತಾರಾದ ಮೇಲೂ ಕೈ ಬಿಡಲಾಗದೆ
ಇನ್ನೊಂದು ಸುತ್ತು ನೋಡಿದೆ. ತಿರುಗಲಿಲ್ಲ.
ಮೂರನೇ ಅಡ್ಡರಸ್ತೆಯಲ್ಲಿ ಯಾರದೋ ಸಂಪಿನೊಳಕ್ಕೆ
ಮೊದಲು ಗಾಳಿ ಬಂತು, ಕೆಮ್ಮಿದ ಹಾಗೆ,
ಆಮೇಲೆ ನೀರು.