ಖಾಲಿ ಸೀಟಿನ ಲೆಕ್ಕ

ಬಳೆ ತೆಗೆಸಿದೆವು, ಕಾಲುಂಗುರ, ಮೂಗಿನ ನತ್ತು,
ಕೊರಳ ದಾರದ ತಾಮ್ರದ ತಾಯಿತ.
ಸೀರೆ ಬಿಟ್ಟು ಆಸ್ಪತ್ರೆಯ ಗೌನು ತೊಟ್ಟರೂ
ಸೂಜಿಯೊಂದು ಹೇಗೋ ಗೌನಿಗೆ ದಾಟಿತ್ತು.
ಹುಸೇನಮ್ಮ ತಾನೇ ನಿಂತು, ಕಿತ್ತು, ನನ್ನ ಅಂಗೈಗಿಟ್ಟಳು:
"ಇದೊಂದು ಮರ್ತಿದ್ನೆಪ್ಪಾ ಗಾದಿಲಿಂಗಣ್ಣ."
ಅಯಸ್ಕಾಂತದ ಬಾಯಿಗೆ ಮೂರು ಹೆಜ್ಜೆ ಉಳಿದಿತ್ತು.
ಡ್ಯೂಟಿ ರಿಜಿಸ್ಟರಿಗೆ ಚುಚ್ಚಿಟ್ಟೆ.
ಬೆವರಿದ್ದು ಆಮೇಲೆ.

ಕೌಲ್ ಬಜಾರಿನಲ್ಲಿ ಹದಿನೆಂಟು ವರ್ಷ ಜೀನ್ಸು ಹೊಲಿದ ಕೈ.
ವಾಗೀಶ ಡಾಕ್ಟರಿಗೆ ಬೇಕಾದದ್ದು ಕೈಯಲ್ಲ,
ಅದನ್ನು ಆಡಿಸುವ, ಎಡಗಿವಿಯಿಂದ ಮೇಲೆ
ಮಡಿಚಿಕೊಂಡು ಕೂತ ನಾಲ್ಕು ಮಿಲಿಮೀಟರಿನ ತೊಗಟೆ.
ಪ್ಯಾಂಟಿನ ಕಾಲಂಚು ಮಡಚಿ ಹೊಲಿದಷ್ಟೇ ದಪ್ಪ,
ಅಷ್ಟರಲ್ಲೇ ಪದರ, ಪದರದ ಕೆಳಗೆ ಪದರ.

ಹೊರಗೆ ರಾತ್ರಿ ಒಂಬತ್ತಾದರೂ
ಬಳ್ಳಾರಿ ಗುಡ್ಡ ರೊಟ್ಟಿ ಹಂಚಿನ ಹಾಗೆ ಕಾಯ್ದಿತ್ತು.
ಒಳಗೆ ಅವಳಿಗೆ ಎರಡು ಕಂಬಳಿ.
ಯಂತ್ರ ಹತ್ತಿಕೊಂಡಿತು, ಕಟಕಟ ಕಟಕಟ,
ಮೈಕಿನಲ್ಲಿ ಅವಳ ದನಿ:
"ಎಣ್ಣಿ ಬಿಟ್ಟು ಎಷ್ಟ್ ದಿನಾತಣ್ಣ ಇದಕ್ಕ?"

ಮೂವತ್ತು ಸೆಕೆಂಡು ಬೆರಳು ಬಡಿ.
ಮೂವತ್ತು ಸೆಕೆಂಡು ಸುಮ್ಮನಿರು.
ಬಡಿ. ಸುಮ್ಮನಿರು.

ಮೊದಲ ದಿನವೇ ಡಾಕ್ಟರನ್ನು ಕೇಳಿದ್ದೆ,
ನೆತ್ತರು ಏರಿದಲ್ಲಿ ಬೆಳಗಬೇಕಲ್ಲ ಸಾರ್,
ಇದೇಕೆ ಮಸುಕಾಗುತ್ತದೆ?
ಚಹಾ ಆರಿಸುತ್ತ ಹೇಳಿದರು:
ಬೆಳಗುವ ಪಟ ಬಸ್‌ಸ್ಟ್ಯಾಂಡಿನ ಗದ್ದಲ ಇದ್ದ ಹಾಗೆ,
ಜನ ಎಲ್ಲೇ ಕೂಡಿರಲಿ, ಜೋರು ಕೇಳುವುದು ಹೊರಗೇಟಿನಲ್ಲಿ.
ಇಲ್ಲಿ ನಾವು ನೆತ್ತರನ್ನೇ ಮರೆಮಾಡುತ್ತೇವೆ,
ಅದು ಸೊನ್ನೆ ದಾಟುವ ಗಳಿಗೆ ಕಾದು ಪಟ ತೆಗೆಯುತ್ತೇವೆ.
ಸಿರುಗುಪ್ಪದ ಬಸ್ಸಿಗೆ ಹತ್ತಿದವರನ್ನು ಎಣಿಸಬೇಡ,
ಖಾಲಿ ಸೀಟು ಎಣಿಸು.
ಎಷ್ಟು ಕಡಿಮೆಯಾಯಿತೋ ಅಷ್ಟು ಮಂದಿ ಬಂದರು.

ನೂರಕ್ಕೆ ಒಂದು, ಬಹಳವೆಂದರೆ ಒಂದೂವರೆ.
ಅಷ್ಟು ನೋಡಲು ಇಷ್ಟು ಕರೆಂಟು.

ಆ ರಾತ್ರಿ ಕಂಡದ್ದು ಬರೀ ಚುಕ್ಕೆ, ಗಸಗಸೆ ಚೆಲ್ಲಿದ ಹಾಗೆ.
ಸುತ್ತುಗಳನ್ನು ಕೂಡಿಸಿ ಭಾಗಿಸಿ ನಾಲ್ಕನೇ ದಿನಕ್ಕೆ
ಎರಡು ಗೆರೆ ಮೂಡಿದವು.
ಮೇಲಿನದು, ಹೀಗೆ ಮಾಡೋಣವೇ ಎಂದು ಮಾತಾಡಿಕೊಳ್ಳುವುದು.
ಕೆಳಗಿನದು, ಮಾಡು ಎಂದು ಬೆನ್ನುಹುರಿಗೆ ಹೇಳಿ ಕಳಿಸುವುದು.
ಡಾಕ್ಟರು ಸಣ್ಣಗೆ ಶಿಳ್ಳೆ ಹಾಕಿದರು. ಆಮೇಲೆ ನಿಲ್ಲಿಸಿದರು.

ಸುಮ್ಮನಿರು ಎಂದಾಗ ಕೆಳಗಿನ ಗೆರೆ ತಿಳಿಯಾಗಿತ್ತು.
ಮೇಲಿನದು ಆಗಿರಲಿಲ್ಲ.
ಕ್ಯಾಮೆರಾ ತಿರುಗಿಸಿ ನೋಡಿದೆವು: ಕೈ ಕಲ್ಲು.
ಐದನೇ ಸುತ್ತು, ಆರನೇ ಸುತ್ತು, ಕಲ್ಲು.
ಆದರೂ ಮಹಡಿಯಲ್ಲಿ ಯಾರೋ
ದೀಪ ಸಣ್ಣ ಮಾಡಿಕೊಂಡು ಕೂತಿದ್ದರು.

ಸೂಜಿ ಕೊಡುವ ನೆಪದಲ್ಲಿ ಕೌಲ್ ಬಜಾರಿಗೆ ಹೋದೆ.
ನೀಲಿ ದೂಳು, ಹನ್ನೊಂದು ಮಿಷನ್ನು, ಒಂದು ಫ್ಯಾನು.
ಸುಮ್ಮನಿರು ಅಂದಾಗ ಏನು ಮಾಡುತ್ತಿದ್ದೆ ಅಕ್ಕ?
ತಲೆಯೆತ್ತಲಿಲ್ಲ.
"ಇನ್ನೂರು ಜೇಬು ಉಳ್ದಿದ್ವು.
ಮೂಲಿ ತಿರುಗುಸ್ತಿದ್ದೆ, ಒಂದೊಂದಾ.
ಕೈ ಅಲ್ಲಾಡಿಸ್ಲಿಲ್ಲಲ್ಲಾ?"
ಇಲ್ಲ ಅಂದೆ.
ಸೂಜಿ ಇಸಕೊಂಡು, ನೋಡದೆಯೇ, ಸೆರಗಿಗೆ ಚುಚ್ಚಿಕೊಂಡಳು.

ಡಾಕ್ಟರ ಹಾಳೆಯಲ್ಲಿ ಏಳನೆಯ ಹೆಸರಿನ ಮುಂದೆ
'ವಿಶ್ರಾಂತಿ ಸರಿಯಿಲ್ಲ' ಎಂದು ಬರೆದು ಗೀಟು ಹೊಡೆದಿದೆ.
ನಿಯಮಕ್ಕೆ ಅದು ಸರಿಯೇ.
ಸುಮ್ಮನಿರುವುದಕ್ಕೆ ಅವಳಿಗೆ ಕೂಲಿ ಕೊಟ್ಟವರು
ಹದಿನೆಂಟು ವರ್ಷದಲ್ಲಿ ನಾವೇ ಮೊದಲು.
ಅದರಲ್ಲೂ ಅರ್ಧ ಹೊತ್ತು
ಅವಳು ಹೊಲಿದಿದ್ದಾಳೆ.