ಸೋರುವ ಟ್ಯಾಂಕಿನ ಕೆಳಗೆ

ಅರಸೀಕೆರೆ ಜಂಕ್ಷನ್ನಿನ ಕೊನೆಯ ಪ್ಲಾಟ್‌ಫಾರ್ಮಿನಾಚೆ
ಉಗಿಬಂಡಿ ಕಾಲದ ನೀರಿನ ಟ್ಯಾಂಕು.
ಅದು ಸೋರುತ್ತದೆ. ಸೋರಲಿ ಅಂತ ಬಿಟ್ಟಿದ್ದೇವೆ.
ಪಂಪ್‌ಹೌಸಿನಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು,
ರಿಪೇರಿಗೆ ಬರೆಯಬೇಕಾದ ಕಾಗದವನ್ನು
ಪ್ರತಿ ಸಲವೂ ಮರೆತವಳು.

ಆ ಹನಿಯ ಕೆಳಗೆ ಒಂದು ತೋಟ.
ತೋಟ ಅಂದರೆ ನಗುತ್ತಾರೆ. ಸಾಲಿಲ್ಲ, ಪಾತಿಯಿಲ್ಲ,
ಬೇಲಿ ಅಂತ ಇದ್ದದ್ದನ್ನು ಬಸಳೆ ನುಂಗಿದೆ.
ಪರಂಗಿ ಯಾರೂ ನೆಟ್ಟದ್ದಲ್ಲ,
ಹುಬ್ಬಳ್ಳಿ ಪ್ಯಾಸೆಂಜರಿನ ಕಿಟಕಿಯಿಂದ
ಯಾರೋ ಉಗಿದ ಬೀಜ.
ಟೊಮೆಟೊ ಯಾರದೋ ಬುತ್ತಿಯ ಉಳಿಕೆ.
ದೊಡ್ಡಪತ್ರೆಯನ್ನು ಪಾಯಿಂಟ್ಸ್‌ಮನ್ ಅರುಳಪ್ಪನ ಹೆಂಡತಿ
ಜೋಲಾರಪೇಟೆಯಿಂದ ಒದ್ದೆ ಬಟ್ಟೆ ಸುತ್ತಿ ತಂದಳು.
ಪುದೀನ ಖತೀಜಾಬಿಯದು ಆಗಿತ್ತು,
ಈಗ ಪುದೀನದ್ದೇ ಪುದೀನ.
ಕರಿಬೇವು ಯಾರದೆಂದು ಯಾರಿಗೂ ಗೊತ್ತಿಲ್ಲ,
ಹಾಗಾಗಿ ಮದುವೆ ಮನೆಯವರೂ ಬಂದು ಮುರಿಯುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಅಂದವನಿಗೆ
ಹಿತ್ತಲೇ ಇರಲಿಲ್ಲವೇನೋ.
ರಾತ್ರಿ ಪಾಳಿಯಲ್ಲಿ ಕೆಮ್ಮು ಹತ್ತಿದರೆ
ಟಾರ್ಚು ಹಿಡಿದು ಇಲ್ಲಿಗೇ ಬರುತ್ತಾರೆ,
ತಮ್ಮ ತಮ್ಮಲ್ಲಿ ಮಾತು ಬಿಟ್ಟವರೂ.
ದೀಪ ಹಚ್ಚಿದ ಮೇಲೆ ಎಲೆ ಮುಟ್ಟಬಾರದೆಂದು ಕಲಿತವರು
ಗಿಡದ ಕ್ಷಮೆ ಕೇಳಿ
ಎರಡೇ ಎರಡು ಚಿವುಟುತ್ತಾರೆ.

ಸುಮ್ಮನೆ ಬೆಳೆಯುತ್ತದೆ ಅನ್ನಬೇಡಿ.
ಹಾಗಲ ಹಬ್ಬಿ ಮೆಣಸಿನ ಗಿಡದ ಕತ್ತು ಹಿಸುಕುತ್ತದೆ.
ಬಳ್ಳಿ ಬಿಡಿಸಿ ಬೇರೆ ಕಡೆ ತಿರುಗಿಸಬೇಕು,
ಬೈಯುತ್ತಾ, ಆದರೆ ಮುರಿಯದೆ.
ಪಾರ್ಥೇನಿಯಂ ಕೀಳಲೇಬೇಕು, ಹೂವಾಗುವ ಮೊದಲೇ;
ಅಯ್ಯೋ ಪಾಪ ಅಂದರೆ ಮಿಕ್ಕವರಿಗೆ ನೆಲವಿಲ್ಲ.
ತುಂಬೆಯನ್ನೂ ಹಾಗೇ ಕಳೆ ಅಂತ ಕಿತ್ತ ವರ್ಷ
ದುಂಬಿಗಳು ಇತ್ತ ಸುಳಿಯಲಿಲ್ಲ,
ಕುಂಬಳ ಪೀಚಿನಲ್ಲೇ ಉದುರಿತು.
ಯಾವುದು ಕಳೆ ಅಂತ ಹೇಳಲು
ಒಂದು ಮಳೆಗಾಲ ಸಾಲದು.

ಇಷ್ಟು ಹೇಳಿ
ಗಿಡ ನೋಡಿ ನಾವೂ ಕಲಿತೆವು ಅಂದರೆ ಸುಳ್ಳಾಗುತ್ತದೆ.
ತಾಂಡಾದಿಂದ ಬಂದು ಹಳಿಗೆ ಜಲ್ಲಿ ಹೊರುತ್ತಿದ್ದ
ಲೋಕ್ಯಾನಾಯ್ಕನ ಮಗಳು ಸೋನಿ
ಮಡಿಲ ತುಂಬ ನುಗ್ಗೆಕಾಯಿ ಕಿತ್ತಳೆಂದು
ಕ್ವಾರ್ಟರ್ಸಿನ ಏಳು ಮನೆಯವರೂ ಸೇರಿ ಅರ್ಜಿ ಬರೆದೆವು.
ಅಲ್ಲಿಯವರೆಗೆ ಯಾರದೂ ಅಲ್ಲದ ನುಗ್ಗೆ
ಅವತ್ತು ನಮ್ಮದಾಯಿತು.
ಏಳನೆಯ ಸಹಿ ನನ್ನದು, ನೀಲಿ ಶಾಯಿ.

ಮುಳ್ಳುತಂತಿ ಬಂತು. ಗೇಟು ಬಂತು. ಬೀಗ ಬಂತು.
ಬೀಗದ ಕೈ ಯಾರ ಮನೆಯ ಮೊಳೆಗೆ ತೂಗಬೇಕೆಂದು
ಏಳು ಮನೆಯೂ ಕಚ್ಚಾಡಿದವು.
ಆ ಬೇಸಿಗೆ ನುಗ್ಗೆಗೆ ಕಂಬಳಿಹುಳ,
ನೆರಳಿಗೆ ನಿಂತವರಿಗೂ ತುರಿಕೆ.
ಶಾಪ ಅನ್ನುವವಳಲ್ಲ ನಾನು. ಹುಳ ಎಲ್ಲ ನುಗ್ಗೆಗೂ ಬರುತ್ತದೆ.
ಆದರೆ ಕೊಂಬೆ ಹತ್ತುವ ಹುಡುಗಿ ಇರಲಿಲ್ಲ,
ಕಾಯಿ ಮರದಲ್ಲೇ ಒಣಗಿ
ಗಾಳಿಗೆ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು,
ಮಧ್ಯರಾತ್ರಿಯ ಗೂಡ್ಸು ಹೋದ ಮೇಲೂ.

ಬೇಲಿ ತೆಗೆಸಿದವರು ನಾವಲ್ಲ.
ಬಸಳೆ ತಂತಿ ಹತ್ತಿತು, ಅದರ ಭಾರಕ್ಕೆ ಗೂಟ ವಾಲಿತು,
ಬೀಗ ಹಾಕಿದ ಗೇಟು ಬೀಗದ ಸಮೇತ ಮಲಗಿತು.
ಎತ್ತಿ ನಿಲ್ಲಿಸೋಣ ಅಂತ ಒಬ್ಬರೂ ಅನ್ನಲಿಲ್ಲ.

ಸೋನಿ ಮತ್ತೆ ಬರಲಿಲ್ಲ.
ಮೂರನೆಯ ವರ್ಷ, ಬಿದ್ದ ಗೇಟಿನ ಪಕ್ಕ
ಕೆಂಪು ದಂಟಿನ ಪುಂಡಿ ಎದ್ದಿತ್ತು, ಸೊಂಟದೆತ್ತರ.
ಈ ಕೇರಿಯಲ್ಲಿ ಪುಂಡಿ ಬೆಳೆಯುವವರಿಲ್ಲ.
ತಾಂಡಾದಲ್ಲಿ ಬೆಳೆಯುತ್ತಾರೆ.
ಹಕ್ಕಿ ತಂದಿರಬೇಕು ಅಂದ ಅರುಳಪ್ಪ,
ನೆಲ ನೋಡುತ್ತಾ.
ಹೂಂ ಅಂದೆ.

ಖತೀಜಾಬಿ ಸೊಪ್ಪಿಗೆ ಬೇಳೆ ಹಾಕಿ ಬೇಯಿಸಿ
ಏಳು ಮನೆಗೂ ಬಟ್ಟಲು ಕಳಿಸಿದಳು.
ಉಂಡೆ. ಹುಳಿಗೆ ಹಲ್ಲೆಲ್ಲ ಚುಳ್ ಅಂದಿತು,
ಕೈ ತೊಳೆದ ಮೇಲೂ.

ಮಾರನೆ ಬೆಳಿಗ್ಗೆ ಹೋಗಿ
ಪುಂಡಿಯ ಮೇಲೆ ನೆರಳು ಹಾಕುತ್ತಿದ್ದ ಬಸಳೆಯನ್ನು
ಒಂದೊಂದೇ ಕುಡಿ ಬಿಡಿಸಿ ಆಚೆ ತಿರುಗಿಸಿದೆ,
ಸಹಿ ಹಾಕಿದ ಅದೇ ಕೈಯಿಂದ.